ಫಾರಂ 21-2680ರಲ್ಲಿ ಹಾಕೋ ಒಂದು ಟಿಕ್

ಅಮೆರಿಕದಲ್ಲಿ ವಯಸ್ಸಾದೋರನ್ನ ನೋಡೋ ಡಾಕ್ಟರ್ ನಾನು, ಪೇಷಂಟ್‌ಗಳಲ್ಲಿ ಮಾಜಿ ಸೈನಿಕರೂ ಬೇಕಾದಷ್ಟು ಜನ. ಇಲ್ಲಿ ಇದೇ ಕೆಲಸದಲ್ಲಿರೋ ಕನ್ನಡದ ಡಾಕ್ಟರ್‌ಗಳು ದಯವಿಟ್ಟು ಇದನ್ನ ಓದಿ.

ಸ್ನಾನಕ್ಕೆ, ಊಟಕ್ಕೆ ಇನ್ನೊಬ್ರ ಸಹಾಯ ಬೇಕಾದ ಸೈನಿಕರಿಗೆ ವೆಟರನ್ಸ್ ಇಲಾಖೆ ಅಂದ್ರೆ ವಿಎ ಪೆನ್ಷನ್ ಜೊತೆ ಹೆಚ್ಚಿಗೆ ದುಡ್ಡು ಕೊಡುತ್ತಲ್ಲ, ಅದಕ್ಕೆ ನಾವು ತುಂಬಿಕೊಡೋದು 21-2680. ಅದ್ರಲ್ಲೊಂದು ಪ್ರಶ್ನೆ ಇದೆ: ಇವರಿಗೆ ತಮ್ಮ ದುಡ್ಡು ನೋಡ್ಕೊಳ್ಳೋ ಮಾನಸಿಕ ಶಕ್ತಿ ಇದೆಯಾ, ಅಥವಾ ಬೇರೆಯವರಿಗೆ ಹೇಳಿ ಮಾಡಿಸ್ಕೊಳ್ಳೋಕಾದ್ರೂ ಆಗುತ್ತಾ?

ಕೆಲವು ವರ್ಷದ ಹಿಂದೆ ವಿಯೆಟ್ನಾಂ ಯುದ್ಧಕ್ಕೆ ಹೋಗಿಬಂದಿದ್ದ ಅಜ್ಜ ಒಬ್ಬರಿಗೆ ನಾನು ಅಲ್ಲಿ 'ಇಲ್ಲ' ಅಂತ ಟಿಕ್ ಹಾಕಿದ್ದೆ, ಮರೆವು ಶುರುವಾಗಿತ್ತು, ಬಿಲ್ ಎಲ್ಲಾ ಮಗಳೇ ಕಟ್ತಿದ್ಳು. ಕೆಲವು ತಿಂಗಳಾದ್ಮೇಲೆ ಅವಳು ವಿಎಯಿಂದ ಬಂದ ಒಂದು ಕಾಗದ ಹಿಡ್ಕೊಂಡು ಬಂದ್ಳು. ನಿಮ್ಮನ್ನ ಅಸಮರ್ಥರು ಅಂತ ಘೋಷಿಸಿ ದುಡ್ಡು ನೋಡ್ಕೊಳ್ಳೋಕೆ ಫಿಡ್ಯೂಷರಿ ಒಬ್ಬರನ್ನ ನೇಮಿಸ್ಬೇಕು ಅಂತಿದೀವಿ, ಹಾಗಾದ್ರೆ ಬಂದೂಕು ಇಟ್ಕೊಳ್ಳೋ ಹಾಗಿಲ್ಲ ಅಂತ ಅದ್ರಲ್ಲಿತ್ತು. ಅಜ್ಜ ಕೇಳಿದ್ದು ಒಂದೇ, "ಡಾಕ್ಟ್ರೇ, ನಾನ್ ಯಾರಿಗೇನ್ ಮಾಡ್ದೆ?"

ಯಾರಿಗೂ ಏನೂ ಮಾಡಿರ್ಲಿಲ್ಲ. ಯಾವ ಬಿಲ್ ಯಾವಾಗ ಕಟ್ಬೇಕು ಅಂತ ಮಗಳಿಗೆ ಹೇಳ್ತಿದ್ದೋರು ಅವರೇ. ನಾನು ಪ್ರಶ್ನೆಯ ಎರಡನೇ ಅರ್ಧ ಸರಿಯಾಗಿ ಓದಿರ್ಲಿಲ್ಲ.

ಇದರ ಬೇರು 1968ರ ಗನ್ ಕಂಟ್ರೋಲ್ ಕಾಯ್ದೆಯಲ್ಲಿದೆ. 'ಮೆಂಟಲ್ ಡಿಫೆಕ್ಟಿವ್' ಅಂತ ತೀರ್ಮಾನ ಆದೋರು ಬಂದೂಕು ಇಟ್ಕೋಬಾರ್ದು ಅಂತ ಅಲ್ಲಿದೆ (ಆ ಕೆಟ್ಟ ಪದ ಇನ್ನೂ ಹಾಗೇ ಇದೆ). ಆ ಪದಕ್ಕೆ 1997ರಲ್ಲಿ ಬಂದ ವಿವರಣೆಯಲ್ಲಿ ಅಪಾಯಕಾರಿಗಳ ಜೊತೆಗೆ, ಮಾನಸಿಕ ಕಾರಣಕ್ಕೆ ತಮ್ಮ ವ್ಯವಹಾರ ನೋಡ್ಕೊಳ್ಳೋಕಾಗದೋರನ್ನೂ ಸೇರಿಸಿದ್ರು. 1998ರಲ್ಲಿ ಬಂದೂಕು ಕೊಳ್ಳೋರ ಹಿನ್ನೆಲೆ ನೋಡೋ ಎಫ್‌ಬಿಐನ ಬ್ಯಾಕ್‌ಗ್ರೌಂಡ್ ಚೆಕ್ ವ್ಯವಸ್ಥೆ ಶುರುವಾಯ್ತು, ಫಿಡ್ಯೂಷರಿ ಇರೋ ಸೈನಿಕರ ಹೆಸರನ್ನ ವಿಎ ಅದಕ್ಕೆ ಕಳಿಸ್ತಾ ಬಂತು, ನಡುವೆ ಕೋರ್ಟೂ ಇಲ್ಲ ಜಡ್ಜೂ ಇಲ್ಲ. ಒಂದ್ಸಲ 'ಮೆಂಟಲ್ ಡಿಫೆಕ್ಟಿವ್' ಅಂತ ತೀರ್ಮಾನ ಆದ್ರೆ ಅಂಗಡೀಲಿ ಕೊಳ್ಳೋದಷ್ಟೇ ಅಲ್ಲ, ಮನೇಲಿರೋ ಹಳೇ ರೈಫಲ್ ಇಟ್ಕೊಂಡಿದ್ರೂ ಅಪರಾಧ, 2022ರಿಂದ 15 ವರ್ಷದವರೆಗೂ ಜೈಲು. ವರ್ಜೀನಿಯಾ ಟೆಕ್ ಯೂನಿವರ್ಸಿಟೀಲಿ ಗುಂಡೇಟಿಗೆ 32 ಜನ ಸತ್ತ ಮೇಲೆ 2008ರಲ್ಲಿ ಬಂದ ಕಾನೂನು ಹೆಸರು ತೆಗೆಸೋಕೆ ಅರ್ಜಿ ಹಾಕೋ ದಾರಿ ಕೊಡ್ತು, ಆದ್ರೆ ಸಾಬೀತು ಮಾಡೋ ಹೊರೆ ಸೈನಿಕನ ಮೇಲೇ.

2024ರ ಮಾರ್ಚಲ್ಲಿ ಬಜೆಟ್ ಕಾನೂನಲ್ಲಿ ಒಂದು ಷರತ್ತು ಬಂತು: ಈ ಮನುಷ್ಯ ತನಗೋ ಬೇರೆಯವರಿಗೋ ಅಪಾಯ ಅಂತ ನ್ಯಾಯಾಧೀಶರು ಹೇಳದೆ ಹೆಸರು ಕಳಿಸೋಕೆ ವಿಎ ಆ ಬಜೆಟ್ ದುಡ್ಡು ಬಳಸೋ ಹಾಗಿಲ್ಲ. ಸರಿಯಾದ್ದೇ ಅಂತೀನಿ. ಆದ್ರೆ ಮೊದ್ಲೇ ಸೇರಿದ್ದ ಹೆಸರುಗಳನ್ನ ಆ ಷರತ್ತು ಅಳಿಸ್ಲಿಲ್ಲ.

ಹಾಗಂತ ಬಂದೂಕಿನ ಮಾತು ಬಿಟ್ಬಿಡಿ ಅಂತಲ್ಲ. ಈ ದೇಶದಲ್ಲಿ ದಿನಕ್ಕೆ ಸುಮಾರು 17 ಮಾಜಿ ಸೈನಿಕರು ಆತ್ಮಹತ್ಯೆ ಮಾಡ್ಕೋತಾರೆ, ಹತ್ತರಲ್ಲಿ ಏಳು ಜನ ಬಂದೂಕಿಂದ. ದುಡ್ಡಿನ ಲೆಕ್ಕ ಪಕ್ಕಾ ಇಡೋ ಮನುಷ್ಯನೂ ಅದರಲ್ಲಿರ್ತಾನೆ, ಯಾವ ಫಾರಂ ಅವನನ್ನ ಹಿಡಿಯಲ್ಲ. ಅದಕ್ಕೇ ಈಗ ನಾನು ಎದುರಿಗೇ ಕೇಳ್ತೀನಿ, ಬದುಕು ಸಾಕು ಅನ್ಸುತ್ತಾ, ಬಂದೂಕು ಎಲ್ಲಿದೆ, ಗುಂಡು ಎಲ್ಲಿಟ್ಟಿದೀರಿ, ಬೀಗದ ಕೈ ಯಾರ ಹತ್ರ. 988ಕ್ಕೆ ಫೋನ್ ಮಾಡಿ 1 ಒತ್ತಿದ್ರೆ ಸೈನಿಕರ ಸಹಾಯವಾಣಿ ಸಿಗುತ್ತೆ, ಅದನ್ನ ಮನೆಯವರಿಗೂ ಬರ್ಕೊಡ್ತೀನಿ.

ಅಂಥ ಕಾಗದ ಬಂದ್ರೆ ಉತ್ತರ ಕೊಡೋಕೆ 60 ದಿನ ಇರುತ್ತೆ. ನಾನು ಅಜ್ಜನ್ನ ಮತ್ತೆ ಪರೀಕ್ಷೆ ಮಾಡಿ, ತಪ್ಪು ನಂದೇ ಅಂತ ಒಪ್ಕೊಂಡು ವಿವರವಾಗಿ ಬರ್ದೆ, ಪ್ರಸ್ತಾಪ ಕೈಬಿಟ್ರು. ರೈಫಲ್ ಈಗ ಮಗಳ ಮನೆಯ ಸೇಫಲ್ಲಿದೆ, ಬೀಗದ ಕೈ ಅಳಿಯನ ಹತ್ರ. ಮರೆವು ಜಾಸ್ತಿ ಆಗ್ತಿದೆ ಅಂತ ಅಜ್ಜಾನೇ ಕೊಟ್ಟಿದ್ದು.