25 ಗ್ರಾಂ ಮೈಲುತುತ್ತದಲ್ಲಿ ಆಕ್ಸಿಜನ್ ಪರಮಾಣುಗಳೆಷ್ಟು?

ಪ್ರಶ್ನೆ: 25 ಗ್ರಾಂ ಮೈಲುತುತ್ತದಲ್ಲಿ ಆಕ್ಸಿಜನ್ನಿನ ಎಷ್ಟು ಪರಮಾಣುಗಳಿರುತ್ತವೆ? ಮೋಲ್ ಲೆಕ್ಕದಲ್ಲಿ ಯಾವುದನ್ನು ಭಾಗಿಸಬೇಕು, ಯಾವುದನ್ನು ಗುಣಿಸಬೇಕು ಎಂಬುದೇ ತಿಳಿಯುವುದಿಲ್ಲ.

ಉತ್ತರ: ಭಾಗಾಕಾರ, ಗುಣಾಕಾರ ಆಮೇಲಿರಲಿ. ಮೊದಲು ಸೂತ್ರವನ್ನು ಪೂರ್ತಿ ಓದಿ. ಈ ಲೆಕ್ಕ ಕೈಕೊಡುವುದು ಬಹುಮಟ್ಟಿಗೆ ಅಲ್ಲೇ. ಮೈಲುತುತ್ತವೆಂದರೆ ಕಾಪರ್ ಸಲ್ಫೇಟ್ ನಿಜ. ಆದರೆ ಅಂಗಡಿಯಲ್ಲಿ ಸಿಗುವ ನೀಲಿ ಹರಳಿನಲ್ಲಿ ಒಂದೊಂದು ಕಾಪರ್ ಸಲ್ಫೇಟ್ ಘಟಕದ ಜೊತೆಗೆ ಐದು ನೀರಿನ ಅಣುಗಳೂ ಇರುತ್ತವೆ; ಪೂರ್ತಿ ಸೂತ್ರ CuSO₄·5H₂O. ಹರಳನ್ನು ಪ್ರನಾಳದಲ್ಲಿ ಹಾಕಿ ಕಾಯಿಸಿ ನೋಡಿದವರಿಗೆ ಇದು ಗೊತ್ತು: ನೀಲಿ ಬಣ್ಣ ಮಾಯವಾಗಿ ಬಿಳಿ ಪುಡಿ ಉಳಿಯುತ್ತದೆ, ಪ್ರನಾಳದ ಬಾಯಿಯ ಹತ್ತಿರ ತಣ್ಣಗಿರುವ ಗಾಜಿನ ಮೇಲೆ ನೀರಹನಿ ಮೂಡುತ್ತದೆ.

ಈಗ ಎಣಿಸೋಣ. ಒಂದು ಘಟಕದಲ್ಲಿ ತಾಮ್ರ 1, ಗಂಧಕ 1, ಹೈಡ್ರೋಜನ್ 10. ಆಕ್ಸಿಜನ್ ಸಲ್ಫೇಟಿನಲ್ಲಿ 4, ನೀರಿನಲ್ಲಿ 5, ಒಟ್ಟು 9. ಪರಮಾಣು ರಾಶಿಗಳನ್ನು ಕೂಡಿದರೆ 63.5 (ತಾಮ್ರ) + 32 (ಗಂಧಕ) + 64 (ಸಲ್ಫೇಟಿನ ಆಕ್ಸಿಜನ್) + 90 (ಐದು ನೀರು) = 249.5. ಅಂದರೆ 249.5 ಗ್ರಾಂ ಹರಳು ಒಂದು ಮೋಲ್, ಎಂದರೆ 6.022 × 10²³ ಘಟಕಗಳ ಗುಂಪು. ನಮ್ಮ 25 ಗ್ರಾಮನ್ನು ಇದರಿಂದ ಭಾಗಿಸಿದರೆ ಸುಮಾರು 0.1 ಮೋಲ್ ಬರುತ್ತದೆ.

ಒಂದು ಘಟಕಕ್ಕೆ ಒಂಬತ್ತು ಆಕ್ಸಿಜನ್ ಇರುವುದರಿಂದ 0.1 ಮೋಲ್ ಹರಳಿನಲ್ಲಿ 0.9 ಮೋಲ್ ಆಕ್ಸಿಜನ್ ಪರಮಾಣುಗಳು. ಅದನ್ನು ಅವೊಗಾಡ್ರೊ ಸಂಖ್ಯೆಯಿಂದ, ಅಂದರೆ 6.022 × 10²³ರಿಂದ ಗುಣಿಸಿ: 5.42 × 10²³ ಪರಮಾಣುಗಳು. ಎಲ್ಲ ಧಾತುಗಳ ಒಟ್ಟು ಪರಮಾಣುಗಳು ಬೇಕಿದ್ದರೆ 9ರ ಬದಲು 21 ಹಾಕಿ, ಉತ್ತರ 1.26 × 10²⁴.

ನೀರನ್ನು ಮರೆತರೆ ಏನಾಗುತ್ತದೆ? ರಾಶಿ 159.5ಕ್ಕೆ ಇಳಿದು ಮೋಲ್ 0.157ಕ್ಕೆ ಏರುತ್ತದೆ, ಆಕ್ಸಿಜನ್ ಮಾತ್ರ 9ರಿಂದ 4ಕ್ಕೆ ಕುಸಿಯುತ್ತದೆ. ಉತ್ತರ 3.8 × 10²³ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ನೋಡಲು ಅನುಮಾನವೇ ಬಾರದಂಥ ಸಂಖ್ಯೆ, ಅದೇ ಅಪಾಯ.

ಈ ಲೆಕ್ಕ ಪರೀಕ್ಷೆಗಷ್ಟೇ ಸೀಮಿತವಲ್ಲ. ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೊಳೆರೋಗ ತಡೆಯಲು ಸಿಂಪಡಿಸುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಬೇಕು. ಆ ಒಂದು ಕಿಲೋ ಹರಳು ಸುಮಾರು 4 ಮೋಲ್. ಶಿಲೀಂಧ್ರವನ್ನು ತಡೆಯುವ ತಾಮ್ರ ಅದರಲ್ಲಿ ಇರುವುದು ಸುಮಾರು 254 ಗ್ರಾಂ. ಹರಳಿನೊಳಗಿನ ನೀರೇ ಅದಕ್ಕಿಂತ ಹೆಚ್ಚು, 360 ಗ್ರಾಂ.