ಬೈಗುಳವೆಲ್ಲ ಬಸ್ಸಿಗೆ, ಗೆರೆಗೆ ಯಾರೂ ಬೈಯುವುದಿಲ್ಲ

ಯಾವ ಬೀದಿಯ ಮಗು ಯಾವ ಶಾಲೆಗೆ ಹೋಗಬೇಕು ಅಂತ ನಕ್ಷೆಯಲ್ಲಿ ಗೆರೆ ಎಳೆಯುವುದು ನನ್ನ ಕೆಲಸ. ಹೀಗಾಗಿ ಬಾಸ್ಟನ್ ಕಡೆ ಮನೆ ಕೊಳ್ಳುವ ಕನ್ನಡದವರು ಒಮ್ಮೆ ಫೋನ್ ಮಾಡಿಯೇ ಮಾಡುತ್ತಾರೆ. ಕೇಳುವುದು ಮಾತ್ರ ಒಂದೇ. "1974ರಲ್ಲಿ ಯಾರೋ ಜಡ್ಜ್ ಮಕ್ಕಳನ್ನು ಬಸ್ ಹತ್ತಿಸಿದರಂತೆ, ಅಲ್ಲಿಂದಲೇ ಶಾಲೆಗಳು ಕೆಟ್ಟವಂತೆ. ಸುಮ್ನೆ ಮನೆ ಹತ್ತಿರದ ಶಾಲೆಗೆ ಬಿಟ್ಟಿದ್ದರೆ ಆಗುತ್ತಿತ್ತು, ಅಲ್ವಾ?"

ಬಿಟ್ಟಿದ್ದರೆ ತಾನೇ!

ಆ ಜಡ್ಜ್, ಗ್ಯಾರಿಟಿ, 1974ರ ಜೂನ್ 21ರ ತೀರ್ಪಿನಲ್ಲಿ ಹೇಳಿದ್ದೇ ಅದು: ಬಾಸ್ಟನ್ನಿನ ಶಾಲಾ ಸಮಿತಿ ಬಿಳಿಯ ಮಕ್ಕಳನ್ನೂ ಕಪ್ಪು ಮಕ್ಕಳನ್ನೂ ಬೇಕಂತಲೇ ಬೇರೆ ಬೇರೆ ಶಾಲೆಗಳಲ್ಲಿ ಇಟ್ಟಿತ್ತು. ಬಿಳಿಯ ಮಕ್ಕಳ ಸೌತ್ ಬಾಸ್ಟನ್ ಹೈಸ್ಕೂಲಿನಲ್ಲಿ ಕಾಲಿಡಲು ಜಾಗ ಇರಲಿಲ್ಲ, ಕಪ್ಪು ಹುಡುಗಿಯರೇ ಜಾಸ್ತಿ ಇದ್ದ ಗರ್ಲ್ಸ್ ಹೈನಲ್ಲಿ ಬೆಂಚುಗಳು ಖಾಲಿ. ಇದು ತಾನಾಗಿ ಆಗುವುದಲ್ಲ. ಕಸುಬಿನವನಾಗಿ ನನಗೆ ಬೆರಗು ಹುಟ್ಟಿಸುವುದು ತರಗತಿಗಳ ಲೆಕ್ಕ. ಕೆಲವು ಶಾಲೆಗಳಲ್ಲಿ 6ರಿಂದ 8, ಕೆಲವದರಲ್ಲಿ 7ರಿಂದ 9. ಕೆಲವು ಹೈಸ್ಕೂಲಿಗೆ 9ಕ್ಕೆ ಸೇರಬೇಕಿತ್ತು, ಕೆಲವಕ್ಕೆ 10ಕ್ಕೆ. ಕಪ್ಪು ಮಕ್ಕಳಿದ್ದ ಕಡೆ ಓದು 8ಕ್ಕೆ ಮುಗಿಯುವ ಹಾಗೆ ಮಾಡಿದರೆ ಸಾಕು, ಅವರು 9ಕ್ಕೆ ಬಾಗಿಲು ತೆರೆಯುವ ಹೈಸ್ಕೂಲಿಗೇ ಹೋಗಬೇಕಾಗುತ್ತದೆ. ಬಣ್ಣದ ಮಾತನ್ನು ಎಲ್ಲೂ ಬರೆಯಬೇಕಾಗಿಲ್ಲ. ನೋಡಿದವರಿಗೆ ಅದು ಬರೀ ವೇಳಾಪಟ್ಟಿ.

ಇದನ್ನು ಸರಿಪಡಿಸಲು, ಬಿಳಿಯ, ಕಪ್ಪು ಮಕ್ಕಳನ್ನು ಒಂದೇ ಶಾಲೆಯಲ್ಲಿ ಬೆರೆಸಲು ಜಡ್ಜ್ ತಂದ ಬಸ್ ಯೋಜನೆ ಚೆನ್ನಾಗಿತ್ತು ಅಂತ ನಾನು ವಾದಿಸುತ್ತಿಲ್ಲ. ಕಪ್ಪು ಜನರ ರಾಕ್ಸ್‌ಬರಿ ಮತ್ತು ಬಿಳಿಯರ ಸೌತ್ ಬಾಸ್ಟನ್ ಎರಡೂ ಬಡವರ ಕೇರಿಗಳು, ಅವೆರಡನ್ನೇ ಜೋಡಿ ಮಾಡಿದ್ದು ಯಾರಿಗೂ ಒಳ್ಳೆಯದಾಗಲಿಲ್ಲ. ಸೆಪ್ಟೆಂಬರ್ 12ರಂದು ಮಕ್ಕಳಿದ್ದ ಬಸ್ಸುಗಳಿಗೆ ಕಲ್ಲು ಬಿತ್ತು. ನಗರದ ಸುತ್ತಲಿನ ಅನುಕೂಲಸ್ಥರ ಊರುಗಳಿಗೆ ಬಿಸಿ ತಟ್ಟಲೇ ಇಲ್ಲ. ಜುಲೈ 25ರಂದೇ ಸುಪ್ರೀಂ ಕೋರ್ಟ್ ಇಂಥದ್ದೇ ಡೆಟ್ರಾಯಿಟ್ ಕೇಸಿನಲ್ಲಿ, 5-4 ಬಹುಮತದಲ್ಲಿ, ಸುತ್ತಲಿನ ಊರುಗಳ ತಪ್ಪು ಸಾಬೀತಾಗದೆ ಅವನ್ನು ಇದಕ್ಕೆ ಎಳೆಯುವಂತಿಲ್ಲ ಅಂದುಬಿಟ್ಟಿತ್ತು. ಇಂಥದ್ದೇ ಬಸ್ ಯೋಜನೆ ಇದ್ದ ನಾರ್ತ್ ಕ್ಯಾರೊಲೈನಾದ ಷಾರ್ಲಟ್‌ನಲ್ಲಿ ಹಾಗಲ್ಲ, ನಗರ, ಅದರ ಸುತ್ತಲಿನ ಕೌಂಟಿ ಎರಡೂ ಒಂದೇ ಶಾಲಾ ಜಿಲ್ಲೆ. ಅಲ್ಲಿ ಗೆರೆ ದಾಟಿ ಓಡಿಹೋಗುವುದು ಅಷ್ಟು ಸುಲಭ ಇರಲಿಲ್ಲ, ಯೋಜನೆ ಬಹಳ ವರ್ಷ ನಡೆಯಿತು.

ಇದನ್ನೆಲ್ಲ ಹೋದ ವರ್ಷ ಒಂದು ದಂಪತಿಗೆ ಮುಕ್ಕಾಲು ಗಂಟೆ ಹೇಳಿದೆ. ಪಾಪ, ಒಳ್ಳೆಯ ಜನ, ತಲೆ ಆಡಿಸಿ ಕೇಳಿದರು. ಆಮೇಲೆ ಗಂಡ ಫೋನಿನಲ್ಲಿ ನಕ್ಷೆ ದೊಡ್ಡದು ಮಾಡಿ, "ಸರ್, ಈ ಮನೆ ಗೆರೆಯ ಆ ಕಡೆಗೇ ಬರುತ್ತದಲ್ವಾ?" ಅಂದರು. ಬರುತ್ತಿತ್ತು. ಕೊಂಡರು. ಮಗಳು ಈಗ ದಿನಾ ನಲವತ್ತು ನಿಮಿಷ ಹಳದಿ ಬಸ್ಸಿನಲ್ಲಿ ಶಾಲೆಗೆ ಹೋಗುತ್ತಾಳೆ.