ಒಣ ನೆಲಕ್ಕೆ ಕಾಡು ಬೇರು: ಕಸಿ ಗಿಡದ ಹಿಂದಿನ ಕಥೆ

ಮುಂಗಾರು ಶುರುವಾಗುತ್ತಿದ್ದಂತೆ ಬೆಂಗಳೂರಿನ ನರ್ಸರಿಗಳಲ್ಲಿ ಕಸಿ ಗಿಡ ಕೇಳುವವರು ಜಾಸ್ತಿಯಾಗುತ್ತಾರೆ. ಮಾವಿನಲ್ಲಿ ಬಾದಾಮಿ ಇದೆಯಾ, ಮಲ್ಲಿಕಾ ಇದೆಯಾ ಎಂದು ವಿಚಾರಿಸುತ್ತಾರೆ. ಕಸಿ ಅಂದರೆ ಒಂದು ಗಿಡದ ಬೇರಿನ ಮೇಲೆ ಇನ್ನೊಂದು ಗಿಡದ ಕಡ್ಡಿ ಕೂಡಿಸುವುದು. ಕೆಳಗಿನ ಬೇರು ಯಾವ ಗಿಡದ್ದು ಎಂದು ಕೇಳುವವರು ಅಪರೂಪ. ಕೋಲಾರದ ಕಡೆ ಸಾವಿರ ಅಡಿ ಕೊರೆದರೂ ನೀರು ಸಿಗದ ಹೊಲದಲ್ಲಿ ಗಿಡ ಬದುಕುವುದು ಆ ಬೇರಿನಿಂದಲೇ ಅಲ್ವಾ?

ಕಸಿ ನಮಗೆ ಹೊಸದೇನಲ್ಲ. ಗೋವಾದಲ್ಲಿ ಪೋರ್ಚುಗೀಸರು ಮಾವಿಗೆ ಕಸಿ ಕಟ್ಟಿಸಿ ಆಪೂಸಿನಂಥ ತಳಿಗಳನ್ನು ಉಳಿಸಿದರು. ರಾಮನಗರದ ಬಾದಾಮಿಯೂ ಅದೇ ಆಪೂಸು. 1760ರಲ್ಲಿ ಹೈದರಾಲಿ ಲಾಲ್‌ಬಾಗ್ ಶುರು ಮಾಡಿದ ಮೇಲೆ ಬೆಂಗಳೂರಿಗೂ ದೂರದೂರಿನ ಗಿಡಗಳು ಬಂದವು. ಗೊರಟೆ ನೆಟ್ಟರೆ ತಾಯಿಮರದ ರುಚಿಯೇ ಬರುತ್ತದೆ ಅನ್ನುವ ಖಾತ್ರಿಯಿಲ್ಲ. ಅದಕ್ಕೇ ಕಸಿ. ಅಡಿಗಿಡಕ್ಕೆ, ಅಂದರೆ ಬೇರು ಕೊಡುವ ಕೆಳಗಿನ ಗಿಡಕ್ಕೆ, ಕೈಗೆ ಸಿಕ್ಕಿದ ನಾಟಿ ಗೊರಟೆ ಸಾಕಾಗಿತ್ತು.

ಬೇರನ್ನೇ ಆರಿಸಬೇಕು ಎಂದು ಜಗತ್ತಿಗೆ ಕಲಿಸಿದ್ದು ದ್ರಾಕ್ಷಿ. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಸಣ್ಣ ಹೇನು ಫ್ರಾನ್ಸಿನ ಬಳ್ಳಿಗಳ ಬೇರಿನ ರಸ ಹೀರಿ ತೋಟಗಳನ್ನೇ ಹಾಳು ಮಾಡಿತು. ಅಮೆರಿಕದ ಕಾಡು ದ್ರಾಕ್ಷಿಗೆ ಆ ಹೇನು ತಡೆದುಕೊಳ್ಳುವ ಶಕ್ತಿಯಿತ್ತು. ಅದರ ಬೇರಿನ ಮೇಲೆ ಫ್ರೆಂಚ್ ತಳಿಗಳನ್ನು ಕಟ್ಟಿದರು. ಇದಕ್ಕೆ ನೆರವಾದ ಟೆಕ್ಸಾಸ್‌ನ ಟಿ.ವಿ. ಮನ್ಸನ್ ಅವರಿಗೆ 1888ರಲ್ಲಿ ಫ್ರಾನ್ಸ್ ಸರ್ಕಾರ ಗೌರವ ಕೊಟ್ಟಿತು. ಅದೇ ಟೆಕ್ಸಾಸ್‌ನ ಕಾಡು ಬಳ್ಳಿ ಡಾಗ್‌ರಿಡ್ಜ್. ಬರ, ಉಪ್ಪು ನೀರು ಎರಡನ್ನೂ ತಾಳುತ್ತದೆ. ಇಂದು ನಮ್ಮ ದ್ರಾಕ್ಷಿ ಬೆಳೆಗಾರರಿಗೆ ಆ ಹೆಸರು ಬಾಯಿಪಾಠ. ಮೊದಲು ಡಾಗ್‌ರಿಡ್ಜ್ ನೆಟ್ಟು, ಅದು ಚೆನ್ನಾಗಿ ಬೇರು ಬಿಟ್ಟ ಮೇಲೆ ಹೊಲದಲ್ಲೇ ಬೇಕಾದ ತಳಿ ಕಟ್ಟುತ್ತಾರೆ.

ನಮ್ಮ ದೇಶದ ಕಾಡು ಗಿಡಗಳೂ ಕಮ್ಮಿಯಿಲ್ಲ. ರಾಜಸ್ಥಾನದ ಒಣ ನೆಲದಲ್ಲಿ ಕಾಡು ಎಲಚಿಯ ಮೇಲೆ ಗೋಲಾ, ಉಮ್ರಾನ್ ಎಂಬ ಎಲಚಿ ತಳಿಗಳ ಕಣ್ಣು ಕಸಿ ಮಾಡುತ್ತಾರೆ, ಅಂದರೆ ಕಡ್ಡಿಯ ಬದಲು ಒಂದು ಮೊಗ್ಗನ್ನಷ್ಟೇ ಕೂಡಿಸುತ್ತಾರೆ. ಎಲಚಿ ಬಿರು ಬೇಸಿಗೆಯಲ್ಲಿ ಎಲೆ ಉದುರಿಸಿ ಸುಮ್ನೆ ನಿಂತುಬಿಡುತ್ತದೆ, ಮಳೆ ಬಿದ್ದಾಗ ಚಿಗುರುತ್ತದೆ. ಸಪೋಟ ಮೆಕ್ಸಿಕೊ ಕಡೆಯದು, ಆದರೆ ಅದಕ್ಕೆ ಒಳ್ಳೆಯ ಬೇರು ನಮ್ಮ ಒಣ ಕಾಡಿನ ಖಿರ್ಣಿ ಮರದ್ದು. ಖಿರ್ಣಿ ಬಲು ನಿಧಾನ. ಸಸಿ ಕಸಿಗೆ ಬರಲು ಎರಡು ವರ್ಷವಾದರೂ ಬೇಕು. ಅಷ್ಟು ಕಾದು ಗಿಡ ಮಾಡುವ ನರ್ಸರಿಯವರಿಗೆ ನಾಲ್ಕು ಕಾಸು ಜಾಸ್ತಿ ಕೊಡುವುದರಲ್ಲಿ ತಪ್ಪಿಲ್ಲ.

ಬೇರು ಒಳ್ಳೆಯದಾದರೆ ಸಾಲದು, ಅದು ಆಳಕ್ಕೂ ಇಳಿಯಬೇಕು. ಪ್ಲಾಸ್ಟಿಕ್ ಕವರಿನಲ್ಲಿ ತುಂಬಾ ದಿನ ಇದ್ದ ಸಸಿಯ ತಾಯಿಬೇರು ತಳ ಮುಟ್ಟಿ ಸುರುಳಿ ಸುತ್ತುತ್ತದೆ. ನೆಟ್ಟ ಮೇಲೂ ಆ ಸುರುಳಿ ಸುಲಭಕ್ಕೆ ಬಿಡಿಸಿಕೊಳ್ಳುವುದಿಲ್ಲ. ಆದ್ದರಿಂದ ಮಳೆ ನಂಬಿದ ಜಮೀನಿಗೆ ನಾಟಿ ಗೊರಟೆಯನ್ನು ಗುಂಡಿಯಲ್ಲೇ ಹಾಕಿ, ಅಲ್ಲೇ ಕಸಿ ಕಟ್ಟುವುದು ಮೇಲು ಎಂದು ನನಗೆ ಬಲವಾಗಿ ಅನಿಸುತ್ತದೆ. 1970ರ ದಶಕದಿಂದ ಹರಡಿದ ಮೃದುಕಾಂಡ ಕಸಿ ಇದಕ್ಕೆ ಹೇಳಿಮಾಡಿಸಿದ್ದು.

ಮಾವಿನ ಸಸಿಯ ಹೊಸ ಚಿಗುರು ತಾಮ್ರದ ಬಣ್ಣದಲ್ಲಿ ಇನ್ನೂ ಎಳೆಯದಾಗಿರುವಾಗ ಕೆಲಸ ಶುರು. ಒಳ್ಳೆ ಮರದ ಕಡ್ಡಿಯನ್ನು ಮೊದಲೇ ಗುರುತಿಸಿ, ವಾರ ಹತ್ತು ದಿನ ಮುಂಚೆ ಎಲೆ ಸವರಿರುತ್ತಾರೆ. ಆಗ ಅದರ ಮೊಗ್ಗು ಉಬ್ಬುತ್ತದೆ. ಸಸಿಯ ತುದಿ ಕತ್ತರಿಸಿ, ನಡುವೆ ಸೀಳಿ, ಬೆಣೆಯಂತೆ ಕೆತ್ತಿದ ಕಡ್ಡಿ ಕೂರಿಸುತ್ತಾರೆ. ಒಂದು ಬದಿಯಾದರೂ ಸಿಪ್ಪೆಗೆ ಸಿಪ್ಪೆ ಕೂಡಲೇಬೇಕು. ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಿ, ಕಡ್ಡಿ ಒಣಗದಂತೆ ಮೇಲೊಂದು ಸಣ್ಣ ಕವರ್ ತೊಡಿಸುತ್ತಾರೆ. ಚಿಗುರು ಬಂದಾಗ ಕವರ್ ತೆಗೆಯಬೇಕು, ಗಾಯ ಪೂರ್ತಿ ಕೂಡಿದ ಮೇಲೆ ಪಟ್ಟಿ ಬಿಚ್ಚಬೇಕು. ಮರೆತರೆ ಕಾಂಡ ದಪ್ಪವಾದಂತೆ ಪಟ್ಟಿ ಕೊರೆದುಬಿಡುತ್ತದೆ.

ಕಸಿ ಗಂಟಿನ ಕೆಳಗೆ ಬರುವ ಚಿಗುರನ್ನು ಕಂಡಾಗಲೆಲ್ಲ ಚಿವುಟಬೇಕು. ಕೆಳಗಿನ ಗಿಡ ಗಟ್ಟಿ ಜೀವ. ಬಿಟ್ಟರೆ ಮೇಲಿನ ತಳಿಯನ್ನು ಹಿಂದೆ ಹಾಕಿ ಅದೇ ಮರವಾಗಿ ನಿಲ್ಲುತ್ತದೆ.